ವರ್ಣತಂತುವಿಲ್ಲದ ಉಪಸಮಿತಿ

ಪ್ರತಿ ವೈಫಲ್ಯಕ್ಕೂ ಒಬ್ಬ ಹೊಣೆಗಾರನಿರಬೇಕು ಎಂಬುದು ನನ್ನ ಅಚಲ ನಂಬಿಕೆ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ನಾನು ವಿವರಣೆ ಕೇಳುತ್ತೇನೆ. ಆದ್ದರಿಂದ ಮೇಲವಂಕಿಯ ನಮ್ಮ ಮನೆಯಲ್ಲಿ ನನಗೆ ಬಡಿಸುವ ಕೆಲಸವನ್ನು ಬೇರೆ ಯಾರೂ ಒಪ್ಪುವುದಿಲ್ಲ; ಕುರಿ ಸಾಕುವ ಕಾಕಾ ವಹಿಸಿಕೊಂಡಿದ್ದಾರೆ.

ಮೂಡಲಗಿಯ ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ಮಿನಿಕೋಶಗಳನ್ನು ತಯಾರಿಸುವುದು ನನ್ನ ಉದ್ಯೋಗ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನಟ್ಟನಡುವೆ ಸೀಳಿ ಎರಡಾಗುತ್ತದೆ. ಆ ನಡುವನ್ನು ಗೊತ್ತುಮಾಡುವ ಜೀನುಗಳ ಹದ ತಪ್ಪಿಸಿದರೆ ತುದಿಯಲ್ಲಿ ಸೀಳುತ್ತದೆ. ಹಾಗೆ ಉದುರಿದ ಪುಟ್ಟ ಕೋಶಕ್ಕೆ ಗೋಡೆಯಿದೆ, ಒಳಗೆ ಸಾಮಗ್ರಿಯಿದೆ, ವರ್ಣತಂತು ಮಾತ್ರ ಇಲ್ಲ. ಅದು ವಂಶ ಬೆಳೆಸದು. ಹೊರಿಸಿದ ಔಷಧವನ್ನು ಮಾತ್ರ ನಿಷ್ಠೆಯಿಂದ ಹೊರುತ್ತದೆ. ಇದನ್ನು ಕಾಕಾಗೆ ವಿವರಿಸಲು ನನಗೆ ಅರ್ಧ ಸಂಜೆ ಹಿಡಿಯಿತು. "ಬೀಜಾ ಒಡದ ಟಗರ ಅನ್ನು," ಎಂದು ಅವರು ಮುಗಿಸಿದರು.

ನಮ್ಮ ಜೀನು ಬಿಸಿಗೆ ಎಚ್ಚರಗೊಳ್ಳುವಂಥದು. ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯುವವರೆಗೆ ತಂಪಿನಲ್ಲಿಟ್ಟು, ಆಮೇಲೆ ಕಾವು ಏರಿಸಬೇಕು. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಕಾವು ನಮ್ಮ ಅನುಮತಿ ಕೇಳದೆ ಏರುತ್ತದೆ. ಎಳೆಯ ಬ್ಯಾಕ್ಟೀರಿಯಾ ಅವಧಿಗೆ ಮೊದಲೇ ಮಿನಿಕೋಶ ಉದುರಿಸತೊಡಗಿ ಇಡೀ ಪ್ರಯೋಗ ಕೆಡುತ್ತದೆ. ಗೋಕಾಕದ ಅಂಗಡಿಯಲ್ಲಿ ಸಿಗುವ ಒಂದು ಇನ್ವರ್ಟರ್ ಇದ್ದರೆ ಸಾಕಾಗುತ್ತಿತ್ತು. ಮಳೆಗಾಲದೊಳಗೆ ಮಿನಿಕೋಶ ತೋರಿಸದಿದ್ದರೆ ಯೋಜನೆ ಮುಚ್ಚುತ್ತದೆ. ಜೊತೆಗೆ ನನ್ನ ಕೆಲಸವೂ.

ನಾನು ಮುಖ್ಯಸ್ಥರ ಮೇಜು ಗುದ್ದಿದೆ. ಖರೀದಿ ಸಮಿತಿ ಸೇರಿತು, ಅವಲಕ್ಕಿ ತಿಂದಿತು, ಇನ್ವರ್ಟರ್ ಕುರಿತು ಒಂದು ಉಪಸಮಿತಿಯನ್ನು ಉದುರಿಸಿತು. ಅದಕ್ಕೆ ಹೆಸರಿತ್ತು, ಮೊಹರಿತ್ತು, ಕುರ್ಚಿಯೂ ಇತ್ತು. ಮಂಜೂರು ಮಾಡುವ ಅಧಿಕಾರ ಮಾತ್ರ ಇರಲಿಲ್ಲ. ಪ್ರತಿಭಟಿಸಲು ಎದ್ದು ನಿಂತೆ. ಎದ್ದು ನಿಂತವನು ನಾನೊಬ್ಬನೇ ಆದ್ದರಿಂದ ಸಂಚಾಲಕನಾದೆ. ಆ ಅಧಿಕಾರದಿಂದಲೇ, ವಿಳಂಬದ ಹೊಣೆ ಯಾರದೆಂದು ಸಮಿತಿಗೆ ಕಟುವಾಗಿ ಬರೆದೆ. ಸಮಿತಿ ಪ್ರಶ್ನೆಯನ್ನು ಮೆಚ್ಚಿಕೊಂಡು, ಉತ್ತರಕ್ಕಾಗಿ ಉಪಸಮಿತಿಯ ಸಂಚಾಲಕರಿಗೆ ಕಳುಹಿಸಿತು.

ನಿನ್ನೆ ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ರಾತ್ರಿ ಊಟಕ್ಕೆ ಕುಳಿತಾಗ ಕಾಕಾಗೆ ಎಲ್ಲವನ್ನೂ ಹೇಳಿದೆ.

"ನಿನ್ನ ಸಹಿ ನಡೀತೈತೇನು?"

"ಇಲ್ರಿ."

"ಹೊರಸಿದ್ದು ಹೊರ್ತೀ?"

"ಹೊರ್ತೇನ್ರಿ."

ಕಾಕಾ ಹುಕ್ಕೇರಿ ಸಂತೆಯಲ್ಲಿ ಟಗರು ನೋಡುವ ಹಾಗೆ ನನ್ನ ಭುಜ, ಬೆನ್ನು ನೋಡಿದರು. ಆಮೇಲೆ ಇನ್ನೊಂದು ರೊಟ್ಟಿ ಹಾಕಿದರು.

"ಉಣ್ಣು ತಮ್ಮಾ. ಇಂಥವು ಲಗೂನ ಮೈ ಹಿಡೀತಾವು."

ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ನಾನು ಯಾರನ್ನೂ ಏನೂ ಕೇಳಲಿಲ್ಲ.