ಹೆಜ್ಜೆ ಮೇಳಕ್ಕೆ ನಾನು ಹಾಸಿದ ಜಮಖಾನ

ಎಪ್ಪತ್ತರ ದಶಕದ ಮಾತು. ನವಲಗುಂದದ ಹತ್ತಿರದ ನಮ್ಮೂರಿನಲ್ಲಿ ನಾನು ಶಾಲಾ ಮಾಸ್ತರನಾಗಿದ್ದೆ. ಯಾವ ಕಾರ್ಯಕ್ರಮವೇ ಇರಲಿ, ಅದಕ್ಕೆ ಶೋಭೆ ತರುವುದು ನನಗೊಬ್ಬನಿಗೇ ಗೊತ್ತು ಎಂಬ ದೃಢ ನಂಬಿಕೆ ನನಗಿತ್ತು. ಊರಿನ ಉಳಿದವರಿಗೆ ಈ ವಿಷಯ ತಿಳಿದಿರಲಿಲ್ಲ, ಅಷ್ಟೆ.

ನನ್ನ ಹೆಂಡತಿ ಶಾಂತಾಳ ಅಣ್ಣ ಬಸಣ್ಣ ಒಂದು ಹೆಜ್ಜೆ ಮೇಳ ಕಟ್ಟಿದ್ದ. ಎಲ್ಲರೂ ಮಕ್ಕಳ ಮದುವೆ ಮಾಡಿ ಮುಗಿಸಿದ ಗಂಡಸರು. ಹಗಲೆಲ್ಲ ಹತ್ತಿ, ಜೋಳ ಎಂದು ಹೊಲದಲ್ಲಿ ದುಡಿದು, ಸಂಜೆ ಕಾಲಿಗೆ ಗೆಜ್ಜೆ ಕಟ್ಟಿ ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಅಷ್ಟೂ ಕಾಲು ನೆಲಕ್ಕೆ ಬಿದ್ದರೆ ಒಂದೇ ಕಾಲು ಬಿದ್ದಂತೆ ಕೇಳುತ್ತಿತ್ತು. ನನಗಂತೂ ಮೈ ಜುಮ್ಮೆನ್ನುತ್ತಿತ್ತು. ಸುತ್ತಲಿನ ಊರುಗಳಲ್ಲೆಲ್ಲ ಕುಣಿದು ಬಂದಿದ್ದರೂ ಸ್ವಂತ ಊರಿನಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ಕಾರಣ, ಊರಿಗೆ ಹಿರಿಯರಾದ ಗೌಡರು.

"ಮೊಮ್ಮಕ್ಕಳನ್ನ ಆಡ್ಸೂ ವಯಸ್ಸಿನ್ಯಾಗ ಗೆಜ್ಜಿ ಕಟ್ಟಿ ಕುಣೀತಾರಂತ. ನಾಚಿಕಿ ಬ್ಯಾಡೇನು?" ಎಂದಿದ್ದರು.

ಕಡೆಗೂ ಒಂದು ಯುಗಾದಿಯ ಸಂಜೆ ಚಾವಡಿ ಮುಂದೆ ಕುಣಿಯಲು ಅವರ ಒಪ್ಪಿಗೆ ಸಿಕ್ಕಿತು. ಬಸಣ್ಣ ನನಗೆ ಹೇಳಿದ, "ಮಾಸ್ತರ, ಇವತ್ತ ಗೌಡ್ರು ನಕ್ಕು ಎದ್ದು ಹೋದ್ರಂದ್ರ ಗೆಜ್ಜಿ ಬಿಚ್ಚಿ ಅಟ್ಟದ ಮ್ಯಾಲ ಇಡೂದ. ಮತ್ತ ಮುಟ್ಟೂದಿಲ್ರಿ."

ವೇದಿಕೆಯ ಹೊಣೆ ನನ್ನದು. ಎರೆಮಣ್ಣು ಹೆಜ್ಜೆಯ ಸಪ್ಪಳವನ್ನು ನುಂಗುತ್ತದೆಂದು ಬಸಣ್ಣ ಕಟ್ಟಿಗೆಯ ಹಲಗೆ ಕೇಳಿದ್ದ. ಹಾಕಿಸಿದೆ. ನೋಡಿದರೆ ಬೋಳು ಬೋಳು! ಗೌಡರು ಬಂದು ಕೂಡುವ ಸಭೆಗೆ ಇದು ಶೋಭೆಯೆ? ಮನೆಗೆ ಓಡಿದೆ. ಶಾಂತಾಳ ಟ್ರಂಕಿನ ಮೇಲೆ ದೊಡ್ಡ ಜಮಖಾನವಿತ್ತು, ತವರಿನವರು ಕೊಟ್ಟದ್ದು.

"ಅದನ್ನ ಮುಟ್ಟಬ್ಯಾಡ್ರಿ," ಎಂದಳು.

"ನಿಮ್ಮಣ್ಣನ ಮರ್ಯಾದಿ ಪ್ರಶ್ನೆ ಐತಿ."

"ಅಣ್ಣ ಕೇಳ್ಯಾನೇನು?"

"ಕೇಳೂದು ಯಾಕ? ನಮಗ ತಿಳೀಬೇಕು."

ನನಗೆ ತಿಳಿದಿತ್ತು!

ಮೇಳ ಬರುವ ಹೊತ್ತಿಗೆ ಗೌಡರು ಮುಂದೆ ಕೂತಾಗಿತ್ತು. ಹಲಗೆ ತುಂಬ ಹಾಸಿದ ಜಮಖಾನ ನೋಡಿ ಬಸಣ್ಣನ ಮುಖ ಸಪ್ಪಗಾಯಿತು. ಆದರೆ ನಾನು ಅವರ ಮನೆಯ ಅಳಿಯ. ಅಳಿಯ ಮಾಡಿದ್ದನ್ನು ಹತ್ತು ಜನರ ಮುಂದೆ ತೆಗೆದುಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಸಣ್ಣ ಹಾಗೆಯೇ ಮೇಲೆ ಹತ್ತಿದ.

ಹಾರ್ಮೋನಿಯಂ ಶುರುವಾಯಿತು. ಗೆಜ್ಜೆ ಕಿಣಿಕಿಣಿ ಎಂದಿತು, ಹೆಜ್ಜೆ ಮಾತ್ರ ಕೇಳಲೇ ಇಲ್ಲ. ಹತ್ತಿಯ ಗಾದಿಯ ಮೇಲೆ ಬೆಕ್ಕು ನಡೆದಂತಾಯಿತು. ಸಾಲದ್ದಕ್ಕೆ ಜಮಖಾನವೇ ಜಾರತೊಡಗಿತು. ಗೌಡರು ಮೀಸೆಯಡಿ ನಕ್ಕು, ಕೋಲು ಊರಿ ಏಳಲು ನೋಡಿದರು. ನಾನು ಸುಮ್ಮನಿರುವವನೆ? ಓಡಿಹೋಗಿ ಜಮಖಾನದ ಮುಂದಿನ ಅಂಚಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟೆ.

ಬಸಣ್ಣ ತಾಳ ಬಿಡಲಿಲ್ಲ. ಹಾಡಿನ ಧಾಟಿಯಲ್ಲೇ ಸೇರಿಸಿ ಹಾಡಿದ, "ಎಳಿಯವ್ವ ತಂಗೀ, ಜಮಖಾನಿ ಎಳಿಯವ್ವಾ."

ಹೆಂಗಸರ ನಡುವಿನಿಂದ ಶಾಂತಾ ಎದ್ದು ಬಂದು ಎರಡೂ ಕೈಯಿಂದ ಜಗ್ಗಿದಳು. ಬಾಜು ಕೂತವರೂ ಕೈ ಹಾಕಿದರು. ಅವರು ಎಳೆದಾಗಲೆಲ್ಲ ಮೇಳದವರು ತಾಳಕ್ಕೆ ಸರಿಯಾಗಿ ಮೇಲೆ ಹಾರಿದರು. ಒಬ್ಬರೂ ಮುಗ್ಗರಿಸಲಿಲ್ಲ. ಜಮಖಾನ ಸರ್ರನೆ ಕೆಳಗೆ ಬಂತು. ಅದರ ಜೊತೆ ನಾನೂ ಬಂದೆ.

ಆಗ ಬರೀ ಹಲಗೆಯ ಮೇಲೆ ಹೆಜ್ಜೆ ಬಿತ್ತು ನೋಡಿ. ಚಾವಡಿಯೇ ಗುಂಯ್ ಎಂದಿತು. ಗೌಡರು ಕೂತರು. ಅವರ ಕೋಲು ತನ್ನಷ್ಟಕ್ಕೆ ತಾನೇ ನೆಲ ಕುಟ್ಟತೊಡಗಿತು. ಧೂಳಿನಲ್ಲಿ ಬಿದ್ದಲ್ಲಿಂದಲೇ ನಾನು ಕಣ್ಣುತುಂಬ ನೋಡಿದೆ. ಇವರು ನಮ್ಮೂರಿನವರು ಎಂದು ಬಹಳ ಹೆಮ್ಮೆಯಾಯಿತು.

ಮುಗಿದ ಮೇಲೆ ಗೌಡರು ಬಸಣ್ಣನ ಭುಜ ತಟ್ಟಿದರು. "ಗೆಜ್ಜಿ ಬಿಚ್ಚಬ್ಯಾಡೋ. ವರ್ಷಾ ವರ್ಷಾ ಇಲ್ಲೇ ಕುಣೀರಿ."

ಆಮೇಲೆ ನನ್ನ ಕಡೆ ತಿರುಗಿದರು. ನಾನು ಧೋತರ ಝಾಡಿಸಿಕೊಂಡು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಮಾಸ್ತರ, ನೀವು ಬಿದ್ದದ್ದೂ ಅಗದಿ ಛಲೋ ಇತ್ತು," ಎಂದರು. ನನ್ನ ಎದೆ ಉಬ್ಬಿತು.

"ಆದ್ರ ತಾಳ ತಪ್ಪಿ ಬಿದ್ರಿ."