ಅತ್ತೆಯ ಚಂಡೆ, ಮಾವನ ಬಲ್ಬು

ನಮ್ಮ ಸೋದರಮಾವ ಬಾಗಿಲಲ್ಲಿ ಕಂಡರೆ ಸಾಕು, ಬೈಂದೂರಿನಿಂದ ಬ್ರಹ್ಮಾವರದವರೆಗಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಲ್ಲ ಊಟಕ್ಕೆ ಎದ್ದುಬಿಡುತ್ತಾರೆ, ಬೆಳಿಗ್ಗೆ ಹತ್ತು ಗಂಟೆಯಾದರೂ ಸರಿ! ಮಾವ ಕೊಳ್ಳುವುದು ಉಗುರಿನಷ್ಟು ಚಿಪ್. ಆಡುವ ಮಾತು ಮಾತ್ರ ಶಟರ್ ಎಳೆಯುವ ತನಕ.

ಕಡಲ ಬದಿಯ ಕೋಡಿ ಎಂಬಲ್ಲಿ ಮೀನು ಬೋಟುಗಳ ವಯರ್‌ಲೆಸ್ ರಿಪೇರಿ ಮಾಡಿಕೊಂಡಿದ್ದವರು. ಅತ್ತೆಗೋ ಯಕ್ಷಗಾನದ ಚಂಡೆಯೆಂದರೆ ಪ್ರಾಣ. ಚಂಡೆಯವನು ಒಂದು ಪೆಟ್ಟು ತಪ್ಪಿಸಿದರೂ "ಕಾಣಿ, ಬಿಟ್ಟ!" ಎಂದು ಹಿಡಿಯುತ್ತಿದ್ದವರು. ಅಂಥವರ ಕಿವಿ ಪೂರ್ತಿ ಹೋಯಿತು. ಕಿವಿಗೆ ಹಾಕುವ ಮಿಷನ್ನಿನಿಂದಲೂ ಪ್ರಯೋಜನವಾಗಲಿಲ್ಲ. ಅತ್ತೆ ಯಕ್ಷಗಾನದ ಆಟದ ಸುದ್ದಿಯನ್ನೇ ಬಿಟ್ಟರು. ಮನೆಗೆ ಮಂಕು ಕವಿಯಿತು.

"ಕೆಮಿಗ್ ಕೇಂತಿಲ್ಯಾ? ಸಾಯ್ಲಿ, ಕಣ್ಣಿಗ್ ಕೇಣ್ಸುವ!" ಎಂದು ಮಾವ ಎದ್ದರು.

ಯೋಜನೆ ಸರಳ. ಮೈಕಿಗೆ ಚಂಡೆಯ ಸದ್ದು ಬೀಳಬೇಕು, ಆಪ್-ಆಂಪ್ ಎಂಬ ಏಡಿಮರಿಯಂಥ ಚಿಪ್ ಅದನ್ನು ದೊಡ್ಡದು ಮಾಡಬೇಕು, ಪೆಟ್ಟಿಗೊಂದು ಸಲ ಬಲ್ಬು ಮಿಂಚಬೇಕು. ಆದದ್ದೇನು? ಬಲ್ಬು ಆಕಳಿಸಿಕೊಂಡು ಹೊತ್ತುತ್ತಿತ್ತು! ಅಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದು, ಎಲ್ಲವೂ ಸೇರಿ ಗಂಜಿ. ಅತ್ತೆ ಎರಡು ನಿಮಿಷ ನೋಡಿ ಒಳಗೆ ಹೋದರು.

ಮಾವ ಗುಜರಿಯಿಂದ ತಂದ, ಸದ್ದಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಮುಂದೆ ಕೂತರು. ಮನೆಗೆ ಬಂದವರಿಗೆಲ್ಲ, ಕರೆಂಟ್ ಬಿಲ್ಲಿನವನಿಗೂ, ತೆರೆಯ ಮೇಲಿನ ಗೆರೆಯ ದರ್ಶನ!

"ಕಾಣ್ ಮಾರಾಯ, ಪೆಟ್ಟ್ ಬಿದ್ದ್ ಕೂಡ್ಲೆ ಗೆರೆ ಗ್ವಾಡಿ ಹಾಂಗ್ ನೆಟ್ಟಗ್ ಏಳ್ಕ್. ಇದ್ ಗುಡ್ಡಿ ಹತ್ತಿದ್ ಹಾಂಗ್ ಏಳ್ತಿತ್ತ್!"

ಚಿಪ್ ನಿಧಾನದ್ದೆಂದು ಚಿಪ್ ಬದಲಾಯಿಸಿದರು. ಗುಡ್ಡ ಕರಗಲಿಲ್ಲ. ವಯರ್ ಉದ್ದವೆಂದು ಕತ್ತರಿಸಿದರು. ಬ್ಯಾಟರಿಗೆ ಬೈದರು, ನನಗೂ ಬೈದರು. ನಾನೇನು ಮಾಡಿದ್ದೆ ಸ್ವಾಮಿ?

ಕೊನೆಗೆ ಒಂದೊಂದೇ ಬಿಡಿಭಾಗ ಕಿತ್ತು ನೋಡುತ್ತ ಒಂದು ಕೆಪಾಸಿಟರ್ ಕಿತ್ತರು. ಗೆರೆ ಗೋಡೆಯಂತೆ ನಿಂತಿತು! ಅದನ್ನು ಹಾಕಿದ್ದು ಯಾರು? ಸಾಕ್ಷಾತ್ ಮಾವನೇ! ಮೀನಿನವನ ಸ್ಕೂಟರ್ ಹಾರ್ನಿಗೆ ಬಲ್ಬು ಹೊತ್ತಬಾರದೆಂದು, ಮೊದಲ ದಿನವೇ, ಸದ್ದು ಮೆತ್ತಗಾಗಲಿ ಎಂದು ಹಾಕಿ ಮರೆತಿದ್ದರು. ಹಾರ್ನಿನ ಜೊತೆ ಚಂಡೆಯ ಪೆಟ್ಟೂ ಮೆತ್ತಗಾಗಿ, ತಡವಾಗಿ ಏಳುತ್ತಿತ್ತು.

ಅಷ್ಟರಲ್ಲಿ ಮೀನಿನವನು ಬರುವ ಹೊತ್ತಾಗಿ ರಸ್ತೆಯಲ್ಲಿ ಪೊಂಯ್ ಎಂದಿತು, ಅತ್ತೆಯ ಕಣ್ಣೆದುರೇ ಬಲ್ಬು ಫಳ್ಳೆಂದಿತು. "ಮೀನ್ ಬಂತ್!" ಎಂದು ಅತ್ತೆ ಪಾತ್ರೆ ಹಿಡಿದು ಓಡಿದರು. ಎಷ್ಟು ದಿನಗಳ ಮೇಲೆ ಅವರೇ ಮೊದಲು ಕಂಡುಹಿಡಿದದ್ದು!

ಬಂಗುಡೆ ಮೀನು ಒಳಗಿಟ್ಟು ಬಂದ ಅತ್ತೆಯನ್ನು ಕೂರಿಸಿ ಮಾವ ಮೊಬೈಲಿನಲ್ಲಿ ಚಂಡೆ ಹಾಕಿದರು. ಬಲ್ಬು ಪಟಪಟನೆ ಮಿಂಚಿತು. ಅತ್ತೆಯ ಬೆರಳು ಮಂಡಿಯ ಮೇಲೆ ನಿಧಾನಕ್ಕೆ ಎದ್ದಿತು, ಬಲ್ಬಿನ ಜೊತೆ ಸೇರಿಕೊಂಡಿತು. ಬೆರಳು ಥಟ್ಟನೆ ನಿಂತಿತು.

"ಹ್ವಾಯ್! ಅವ ಒಂದ್ ಪೆಟ್ಟ್ ಬಿಟ್ಟ!"

ಮಾವ ಹಿಂದಕ್ಕೆ ಹಾಕಿ ಕೇಳಿದರು. ನಿಜಕ್ಕೂ ಬಿಟ್ಟಿದ್ದ! "ಹೌದ್ ಮಾರಾಯ್ತಿ! ಬಿಟ್ಟ, ಬಿಟ್ಟ!" ಎಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಕಡಲಿಗೂ ಕೇಳುವಂತೆ ಕೂಗಿದರು.

ಮಾವನ ಕೂಗಿಗೆ ಬಲ್ಬು ಮಿಂಚಿ ಮಿಂಚಿ ಉರಿಯಿತು. ಅತ್ತೆ ಅದನ್ನೇ ನೋಡಿ ನಕ್ಕರು.

"ಬೊಬ್ಬೆ ಹಾಕ್ಬೇಡಿ. ನಿಮ್ ಸ್ವರ ನಂಗ್ ಕಾಣ್ತಿತ್ತ್."