ನಮ್ಮ ಹವಳದ ತೊಟ್ಟಿಯೂ ಬಡಾವಣೆಯ ಸಂತಾಪವೂ

ನಮ್ಮ ಮಾವನವರು ವಿಜಯನಗರದ ಈ ರಸ್ತೆಗೆ ಬಂದಾಗ ಇಲ್ಲಿ ದೀಪದ ಕಂಬ ಕೂಡ ಇರಲಿಲ್ಲ. ಅಂದಿನಿಂದ ನಮ್ಮ ಮನೆತನದ ಮೇಲೆ ಒಂದು ಮಾತು ಬಂದಿಲ್ಲ. ನಮ್ಮ ಗೇಟಿನ ಮುಂದೆ ಯಾರೂ ಕಾರು ನಿಲ್ಲಿಸಿಲ್ಲ; ನಾನು ಬಿಟ್ಟಿಲ್ಲ. ಇಂಥ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ನಡೆಯಬಾರದು. ಆದರೆ ಯಜಮಾನರು ಹೋದ ಮೇಲೆ ಬೇಡವೆಂದರೂ ನಡೆಯುತ್ತಲೇ ಇವೆ. ಎಲ್ಲಕ್ಕೂ ಕಾರಣ ಅವರು ಹಾಲ್‌ನಲ್ಲಿ ಬಿಟ್ಟುಹೋದ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ಎರಡು ಮೀನು, ಅವರೇ ಕಲ್ಲಿಗೆ ಅಂಟಿಸಿ ಬೆಳೆಸಿದ ಒಂದು ನೇರಳೆ ಹವಳ. ಸರದ ಮಣಿಯಲ್ಲ, ಜೀವವಿರುವ ಹವಳ. ಅದರ ಮೇಲೆ ಈಗ ಪಾಚಿ ಹತ್ತುತ್ತಿದೆ. ಅದನ್ನೂ ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ.

ಗರಿಕೆ

ಗೌರಿ ಹಬ್ಬದ ಸಂಜೆ ಪಕ್ಕದ ಮನೆಯಾಕೆ ಬಂದು ತೊಟ್ಟಿಯ ಮುಂದೆ ನಿಂತರು.

"ಅಕ್ಕ, ನಾಳೆ ಗಣೇಶನಿಗೆ ಗರಿಕೆ ಸಿಗ್ಲಿಲ್ಲ ಕಣ್ರೀ. ನಿಮ್ಮಲ್ಲಿ ಎಷ್ಟು ಸೊಂಪಾಗಿ ಬೆಳೆದಿದೆ! ಒಂದು ಹಿಡಿ ಕೊಡ್ತೀರಾ?"

"ಅದು ಗರಿಕೆಯಲ್ಲ, ಪಾಚಿ," ಎಂದೆ.

"ನೀರಲ್ಲೇ ಬೆಳೆದಿದ್ದಲ್ವಾ? ಮಡಿನೇ ಬಿಡಿ."

ಚುಚ್ಚುಮದ್ದು

ಪಾಚಿ ಸಾಲದೆಂದು ಕಲ್ಲಿನ ತುಂಬ ಕಂದು ಬಣ್ಣದ ಪಿಡುಗೊಂದು ಎದ್ದಿತು. ನೋಡಲು ಹೂವು, ಅಸಲಿಗೆ ಹವಳವನ್ನು ಕುಟುಕುವ ಪ್ರಾಣಿ. ಕಿತ್ತರೆ ಒಂದು ಹತ್ತಾಗುತ್ತದೆ. ನಿಂಬೆರಸ ಚುಚ್ಚಿಯೇ ಕೊಲ್ಲಬೇಕು. ಆರ್‌ಪಿಸಿ ಲೇಔಟಿನ ಮೆಡಿಕಲ್ ಶಾಪಿಗೆ ಹೋದೆ.

"ಸಿರಿಂಜ್ ಯಾರಿಗೆ ಆಂಟಿ?" ಎಂದರು ಅಂಗಡಿಯವರು.

ಕೇಳಿದ್ದಕ್ಕೆ ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದಾರೆ. "ನಮ್ಮ ಹಾಲ್‌ನಲ್ಲಿ ಹೂವಿನಂಥ ಪ್ರಾಣಿಗಳು ಹೆಚ್ಚಾಗಿವೆ. ಒಂದೊಂದಕ್ಕೂ ನಿಂಬೆರಸ ಚುಚ್ಚಬೇಕಾಗಿದೆ," ಎಂದೆ.

ಅವರು ಸಿರಿಂಜನ್ನು ಮೆಲ್ಲಗೆ ಡಬ್ಬಿಗೆ ವಾಪಸು ಹಾಕಿದರು. "ಮನೇಲಿ ಜೊತೆಗೆ ಯಾರಾದ್ರೂ ಇದಾರಾ ಆಂಟಿ?"

ಸಂತಾಪ

ಪಾಚಿ ಸಾಯಬೇಕಾದರೆ ಮೂರು ದಿನ ತೊಟ್ಟಿಗೆ ಬೆಳಕು ಬೀಳಬಾರದು. ಪರದೆ ಎಳೆದು, ಯಜಮಾನರ ಬಿಳಿ ಪಂಚೆಗಳನ್ನು ತೊಟ್ಟಿಗೆ ಹೊದಿಸಿ, ಕೋಣೆಯಲ್ಲಿ ಮಲಗಿದ್ದೆ. ಉದ್ದನೆಯ ಗಾಜಿನ ಪೆಟ್ಟಿಗೆ, ಬಿಳಿ ಬಟ್ಟೆ, ಗುಂಯ್‌ಗುಡುವ ಮೋಟಾರು. ಸಾವಿನ ಮನೆಗೆ ಬಾಡಿಗೆಗೆ ತರುವ ಫ್ರೀಜರ್ ಪೆಟ್ಟಿಗೆ ಹೀಗೆಯೇ ಇರುತ್ತದೆಂದು ನನಗೆ ಹೊಳೆಯಲಿಲ್ಲ. ಯಾವುದೋ ಕೆಲಸಕ್ಕೆ ಬಂದ ಬಡಾವಣೆ ಸಂಘದ ಕಾರ್ಯದರ್ಶಿಗಳಿಗೆ ಹೊಳೆಯಿತು. ನಾನೊಬ್ಬಳೇ ಇರುವ ಮನೆ. ಪರದೆಯ ಸಂದಿಯಿಂದ ಇಣುಕಿದವರು ಸದ್ದಿಲ್ಲದೆ ಹೊರಟುಹೋದರು.

ಸಂಜೆ ಯಾರೋ ಬಾಗಿಲು ಬಡಿದರು. ತೆರೆದರೆ ಹಾರ ಹಿಡಿದ ಕಾರ್ಯದರ್ಶಿ, ಅವರ ಹಿಂದೆ ಅರ್ಧ ರಸ್ತೆ.

"ಮೇಡಮ್, ನೀವು ಇಲ್ಲಿದೀರಾ? ಹಾಗಾದ್ರೆ ಒಳಗೆ ಯಾರು?"

"ಹವಳ."

ನಂಬದೆ ಒಳಗೆ ನುಗ್ಗಿ, ಪಂಚೆ ಎತ್ತಿ, ಮೊಬೈಲ್ ಟಾರ್ಚ್ ಬಿಟ್ಟರು. ಮೀನು ಅವರನ್ನೇ ನೋಡಿತು. ಅಷ್ಟು ಹೊತ್ತು ಕಾಪಾಡಿದ ಕತ್ತಲು ದಂಡವಾಯಿತು. ಮುದುಡಿದ ಹವಳ ಇನ್ನೂ ಅರಳಿಲ್ಲ.

ಸಾಲದ್ದಕ್ಕೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನನಗೆ ಆಗಲೇ ಶ್ರದ್ಧಾಂಜಲಿ ಹಾಕಿದ್ದರು. ಸಾಲುಸಾಲು ಮುಗಿದ ಕೈಗಳು. "ಬಲು ಶಿಸ್ತಿನ ಹೆಂಗಸು, ಪಾಪ," ಎಂದು ಒಬ್ಬರು. ಅದರ ಕೆಳಗೇ ಎದುರುಮನೆಯವರು: "ಓಂ ಶಾಂತಿ. ಇನ್ಮೇಲೆ ಅವರ ಗೇಟ್ ಮುಂದೆ ಕಾರ್ ನಿಲ್ಲಿಸಬಹುದಾ?"

ನಿಲ್ಲಿಸುವಂತಿಲ್ಲ. ಮತ್ತು ಕಾರ್ಯದರ್ಶಿಗಳು ಅದೇ ಗುಂಪಿನಲ್ಲಿ, ಎಲ್ಲರೆದುರು, ನನ್ನ ಕ್ಷಮೆ ಕೇಳಬೇಕು.